ಹೊಳೆ ದಾಟಿ ಬಂದ ಒಡೆಯರು

ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ದೊಡ್ಡ ಊರು ಬೆಳಕವಾಡಿ. ಗಗನಚುಕ್ಕಿ, ಭರಚುಕ್ಕಿ ನೋಡಬೇಕೆಂದು ಹೊರಟವರ ಕಾರುಗಳು ಇಲ್ಲಿ ನಿಲ್ಲುವುದು ಕಡಿಮೆ. ಒಂದು ಲೋಟ ಟೀ ಕುಡಿದು, ಜಲಪಾತಕ್ಕೆ ಇನ್ನೆಷ್ಟು ದೂರ ಎಂದು ಕೇಳಿಕೊಂಡು ಮುಂದೆ ಹೋಗುತ್ತಾರೆ. ಈ ಸೀಮೆಯ ಚರಿತ್ರೆ ತಿಳಿಯಬೇಕು ಅನ್ನುವವರು ಮಾತ್ರ ಜಲಪಾತಕ್ಕೆ ಹೋಗುವ ಮೊದಲು ಹೊಳೆ ದಾಟುವ ಜಾಗವನ್ನು ನೋಡಬೇಕು. ಇಲ್ಲಿನವರು ಕಾವೇರಿಯನ್ನು ಹೆಸರು ಹಿಡಿದು ಕರೆಯುವುದು ಪೂಜೆಯ ಹೊತ್ತಿನಲ್ಲಿ. ಉಳಿದಂತೆ ಅದು ಬರೀ ‘ಹೊಳೆ’.

ಶಿವನಸಮುದ್ರದ ಬಳಿ ಹೊಳೆ ಎರಡಾಗಿ ಸೀಳಿ ನಡುವೆ ಒಂದು ದ್ವೀಪವನ್ನು ಬಿಟ್ಟಿದೆ. ಆ ಎರಡು ಸೀಳಿಗೂ ಹಳೆಯ ಕಲ್ಲಿನ ಸೇತುವೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಳಗಿಳಿದು ನೋಡಿದರೆ ಅವುಗಳ ಗುಟ್ಟು ಕಾಣುತ್ತದೆ. ಕಮಾನು ಇಲ್ಲ. ಹೊಳೆಯ ತಳದ ಬಂಡೆಯಲ್ಲೇ ಊರಿ ನಿಲ್ಲಿಸಿದ ಉದ್ದುದ್ದ ಕಲ್ಲುಕಂಬಗಳು, ಕಂಬದ ತಲೆಯ ಮೇಲೆ ಅಡ್ಡಕ್ಕೆ ಕಲ್ಲಿನ ತೊಲೆ, ಅದರ ಮೇಲೆ ಹಾಸುಗಲ್ಲು. ದೇವಸ್ಥಾನದ ನವರಂಗವನ್ನೇ ಎಳೆದು ಹೊಳೆಗೆ ಅಡ್ಡಲಾಗಿ ಚಾಚಿದ ಹಾಗೆ. ಕಂಬದ ಮೈ ಮೇಲೆ ಉಳಿಯ ಗುರುತು ಇನ್ನೂ ಇದೆ. ಕೈಯಿಟ್ಟು ಸವರಿದರೆ ಪ್ರವಾಹ ಉಜ್ಜಿದ ಬದಿ ನುಣ್ಣಗೆ, ಮರೆಯ ಬದಿ ಒರಟು.

ಈ ಸೇತುವೆಗಾಗಿ ಒಬ್ಬ ಮನುಷ್ಯನಿಗೆ ಊರೂರುಗಳೇ ಜಹಗೀರಿಯಾಗಿ ಸಿಕ್ಕವು. ಅದಕ್ಕೂ ಮುನ್ನೂರು ವರ್ಷ ಹಿಂದೆ ಇದೇ ಜಾಗದಲ್ಲಿ ಹೊಳೆ ದಾಟಲು ಬಿಡುವುದಿಲ್ಲ ಎಂದು ಹಟ ಹಿಡಿದ ಅರಸನೊಬ್ಬ ವಿಜಯನಗರವನ್ನೇ ಎದುರು ಹಾಕಿಕೊಂಡು ನಾಶವಾದ. ಬೆಳಕವಾಡಿ, ಮಳವಳ್ಳಿ, ಮದ್ದೂರಿನ ಈ ಬಯಲಿನ ಒಡೆತನದ ಕಥೆ ನನಗೆ ಯಾವಾಗಲೂ ಹೊಳೆಯ ಕಥೆಯಾಗಿಯೇ ಕಂಡಿದೆ. ದಾಟುವ ಜಾಗ ಯಾರ ಕೈಯಲ್ಲಿತ್ತೋ ಊರು ಅವರದು. ಉಳುತ್ತಿದ್ದವನ ಹೆಸರು ಮಾತ್ರ ಸಾವಿರ ವರ್ಷ ಎಲ್ಲಿಯೂ ಬರೆಯಲ್ಪಡಲಿಲ್ಲ.

ಮೊದಲು ಮದ್ದೂರು ತಾಲ್ಲೂಕಿನ ಆತಕೂರಿಗೆ ಹೋಗೋಣ. ಒಂದು ಊರು ಒಬ್ಬ ಒಡೆಯನ ಪಾಲಿಗೆ ಹೇಗೆ ಬರುತ್ತಿತ್ತು ಎನ್ನುವುದನ್ನು ಅಲ್ಲಿ ಸಿಕ್ಕ ಕಲ್ಲಿನಷ್ಟು ಬಿಡಿಸಿ ಹೇಳುವ ಕಲ್ಲು ನಮ್ಮ ಜಿಲ್ಲೆಯಲ್ಲಿ ಮತ್ತೊಂದಿಲ್ಲ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಅಂದರೆ ಕ್ರಿ.ಶ. 949-50ರ ಕಲ್ಲು. ಮೇಲ್ಭಾಗದಲ್ಲಿ ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರಾಬದುರಾಗಿ ಕಚ್ಚಾಡುತ್ತಿವೆ. ಸುತ್ತ ಹಳಗನ್ನಡದ ಸಾಲುಗಳು.

ಆ ವರ್ಷ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋಗಿ ತಕ್ಕೋಲಂನಲ್ಲಿ ಕಾದಿದ್ದ. ಜೊತೆಗಿದ್ದವನು ಗಂಗರ ಇಮ್ಮಡಿ ಬೂತುಗ. ಅಣ್ಣ ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾವಿರವನ್ನು ಆಳುತ್ತಿದ್ದವನು. ಚೋಳ ರಾಜಾದಿತ್ಯ ಆನೆಯ ಮೇಲೆ ಕುಳಿತು ಕಾದುವಾಗ ಅವನನ್ನು ಇರಿದು ಕೊಂದದ್ದು ಈ ಬೂತುಗ. ಚಕ್ರವರ್ತಿ ಮೆಚ್ಚಿ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟನ್ನೂ ಅವನಿಗೆ ಕೊಟ್ಟ. ದೊಡ್ಡವರ ಲೆಕ್ಕ ಅದು.

ಬೂತುಗನ ಕಣ್ಣೆದುರಿನಲ್ಲೇ ನಿಂತು ಕಾದಿದ ಮಣಲೆರ ಎಂಬ ಸಾಮಂತನಿದ್ದ. ಸಗರವಂಶದವನು, ವಳಭೀಪುರದ ಒಡೆಯರ ಪೈಕಿ ಎಂದು ಹೇಳಿಕೊಂಡವನು. ಅವನ ಕಾದಾಟಕ್ಕೆ ಬೂತುಗ ಮೆಚ್ಚಿ, ಬೇಕಾದ್ದು ಬೇಡಿಕೋ ಎಂದ. ಹೀಗೆ ಗೆದ್ದ ಹೊತ್ತಿನಲ್ಲಿ ನಾಡು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೆರ ಕೇಳಿದ್ದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಬೂತುಗ ಕೊಟ್ಟ. ಕೆಳಲೆನಾಡಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಕಾದಿ ಕಾದಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದ. ಊರಿನ ಹಿರಿಯಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಅದಕ್ಕೆ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ.

ಈ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಸಾವಿರಾರು ಜನ ಸತ್ತ ತಕ್ಕೋಲಂನ ಸುದ್ದಿಗೂ ಒಂದು ನಾಯಿಯ ಸಾವಿಗೂ ಒಂದೇ ಕಲ್ಲು, ಮತ್ತು ಚಿತ್ರ ಬಿಡಿಸಿರುವುದು ನಾಯಿಯದು. ಮಣಲೆರನ ಮನಸ್ಸಿನಲ್ಲಿ ಯಾವುದು ಭಾರವಾಗಿತ್ತೋ ಅದು ಕಲ್ಲಿನ ಮೇಲ್ತುದಿಗೆ ಬಂದಿದೆ.

ನಾವು ಇಲ್ಲಿ ಗಮನಿಸಬೇಕಾದ್ದು ಬೇರೊಂದು ಮಾತು. ಮಣಲೆರ ಬೇಡಿದ್ದು ನಾಯಿ, ಆದರೆ ಬೂತುಗ ಸುಮ್ಮನಿರಲಿಲ್ಲ. ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಅವನಿಗೆ ‘ಬಾಳ್ಗಚ್ಚು’ ಆಗಿ ಕೊಟ್ಟ. ಬಾಳು ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಗೆದ್ದು ಬಂದವನ ರಕ್ತದ ಕತ್ತಿಯನ್ನು ನೀರಿನಲ್ಲಿ ತೊಳೆದು ಆ ಗಳಿಗೆಯಲ್ಲಿ ಕೊಡುವ ಊರು ಬಾಳ್ಗಚ್ಚು. ವಿದ್ವಾಂಸರಿಗೆ, ಗುರುಗಳಿಗೆ ಕೊಡುವಾಗ ಕಾಲು ತೊಳೆದು ಕೊಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಕಾಲ್ಗರ್ಚುವುದು ಎಂದು ಹೆಸರು. ಕತ್ತಿಯನ್ನೋ ಕಾಲನ್ನೋ, ಅಂತೂ ನೀರು ಬೀಳದೆ ನೆಲ ಕೈ ಬದಲಿಸುತ್ತಿರಲಿಲ್ಲ. ಇವತ್ತಿಗೂ ನಾವು ಕೊಟ್ಟುಬಿಟ್ಟದ್ದನ್ನು ‘ಧಾರೆ ಎರೆದ’ ಎನ್ನುತ್ತೇವಲ್ಲ, ಅದು ಈ ನೀರೇ.

ಹೀಗೆ ನೆಲಕ್ಕೆ ಆ ಕಾಲದಲ್ಲಿ ಇದ್ದ ಹೆಸರುಗಳನ್ನು ಒಂದೊಂದಾಗಿ ಕೇಳಿದರೆ ಇಡೀ ಸಮಾಜ ಎದ್ದು ಬರುತ್ತದೆ. ತುರು ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಮನೆಯವರಿಗೆ ಕೊಟ್ಟ ನೆಲ ‘ನೆತ್ತರುಕೊಡಗೆ’. ಕೆರೆ ಕಟ್ಟಿಸಿದವನಿಗೆ, ಕೆರೆಯ ಹೂಳೆತ್ತಿ ಏರಿ ಕಾಯುವವನಿಗೆ ಬಿಟ್ಟದ್ದು ‘ಕೆರೆಕೊಡಗೆ’, ‘ಬಿತ್ತುವಟ್ಟ’. ವೀರನಿಗೆ ಕಲ್ಲು ನೆಟ್ಟು ಕೊಟ್ಟದ್ದು ‘ಕಲ್ನಾಡು’. ಊರಿನ ಹಿರಿಯ ಗಾವುಂಡ, ಲೆಕ್ಕ ಬರೆಯುವವನು ಸೇನಬೋವ. ಗಾವುಂಡ ಗೌಡನಾಗಿ, ಸೇನಬೋವ ಶಾನುಭೋಗನಾಗಿ ನಮ್ಮ ಅಜ್ಜಂದಿರ ಕಾಲದವರೆಗೂ ಬಂದರು. ಇಂಗ್ಲೆಂಡಿನ ಅರಸ ವಿಲಿಯಂ ತಾನು ಗೆದ್ದ ನಾಡಿನ ಊರೂರಿಗೂ ಆಳುಗಳನ್ನು ಕಳಿಸಿ, ಯಾವ ಊರು ಯಾವ ಸರದಾರನದು, ಎಷ್ಟು ನೇಗಿಲು, ಎಷ್ಟು ಗಿರಣಿ ಎಂದು ‘ಡೂಮ್ಸ್‌ಡೇ’ ಎಂಬ ದೊಡ್ಡ ಕಡತ ಬರೆಸಿದ್ದು 1086ರಲ್ಲಿ. ಅಲ್ಲಿನ ಹಳ್ಳಿಗಳು ತಮ್ಮ ಚರಿತ್ರೆಯನ್ನು ಆ ಕಡತದಿಂದ ಶುರುಮಾಡುತ್ತವೆ. ಆತಕೂರಿನ ಕಲ್ಲು ಅದಕ್ಕಿಂತ ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿರಿದು. ನಮ್ಮಲ್ಲಿ ಒಂದೇ ಕಡತ ಇರಲಿಲ್ಲ, ಊರಿಗೊಂದು ಕಲ್ಲು ಇತ್ತು. ಎಷ್ಟೋ ಕಲ್ಲುಗಳು ಕೆರೆಯ ತೂಬಿಗೆ, ದನದ ಕೊಟ್ಟಿಗೆಯ ಮೆಟ್ಟಿಲಿಗೆ ಹೋದವು ಎನ್ನುವುದು ಸಂಕಟದ ಮಾತು.

ತಕ್ಕೋಲಂ ಗಾಯವನ್ನು ಚೋಳರು ಮರೆಯಲಿಲ್ಲ. ಐವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, 1004ರ ಹೊತ್ತಿಗೆ, ಬೆಳಕವಾಡಿಯ ಮೇಲ್ಬದಿಯಲ್ಲಿ ಹೊಳೆಯ ದಡದಲ್ಲೇ ಇದ್ದ ಗಂಗರ ರಾಜಧಾನಿ ತಲಕಾಡನ್ನು ಹಿಡಿದರು. ತಲಕಾಡು ರಾಜರಾಜಪುರವಾಯಿತು, ಎದುರು ದಡದ ಮಾಲಂಗಿ ಜನನಾಥಪುರವಾಯಿತು, ಗಂಗವಾಡಿಯೇ ಮುಡಿಗೊಂಡಚೋಳ ಮಂಡಲವಾಯಿತು. ಊರುಗಳ ಹೆಸರು ಬದಲಿಸಿ ಒಡೆತನ ಸಾರುವ ಚಾಳಿ ಹೊಸದಲ್ಲ. ಜನ ಮಾತ್ರ ತಲಕಾಡು ಎಂದೇ ಕರೆದರು. ಜನನಾಥಪುರ ಎಂದು ಇವತ್ತು ಯಾರನ್ನು ಕೇಳಿದರೂ ಗೊತ್ತಿಲ್ಲ.

1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಕಡೆಯ ಅದಿಯಮನನ್ನು ತಲಕಾಡಿನಿಂದ ಓಡಿಸಿದ. ಅರಸ ತಲಕಾಡುಗೊಂಡ ಎಂಬ ಬಿರುದು ಧರಿಸಿದ. ಈ ಗಂಗರಾಜನಿಗೂ ಮೆಚ್ಚಿದ್ದು ಬೇಡು ಎಂಬ ಮಾತು ಸಿಕ್ಕಿತು. ಅವನು ಪಡೆದ ಗೋವಿಂದವಾಡಿಯನ್ನು ಶ್ರವಣಬೆಳಗೊಳದ ಗೊಮ್ಮಟನಿಗೆ ಬಿಟ್ಟುಕೊಟ್ಟ. ಒಬ್ಬ ನಾಯಿ ಬೇಡಿದ, ಇನ್ನೊಬ್ಬ ಬೇಡಿ ಪಡೆದ ಊರನ್ನು ದೇವರಿಗೆ ಕೊಟ್ಟ. ಒಡೆಯರಲ್ಲಿಯೂ ಮನುಷ್ಯರು ಬಗೆಬಗೆ.

ಹೊಯ್ಸಳರು ಹೋಗಿ ವಿಜಯನಗರ ಬಂತು. ಹಂಪೆ ಇಲ್ಲಿಂದ ಬಹಳ ದೂರ. ದೂರದ ಅರಸನ ಪರವಾಗಿ ಕಂದಾಯ ಎತ್ತಿ, ಕುದುರೆ ಕಾಲಾಳು ಸಾಕಿ, ಕರೆ ಬಂದಾಗ ಯುದ್ಧಕ್ಕೆ ಹೋಗುವ ನಾಯಕರು ಹುಟ್ಟಿಕೊಂಡರು. ಅವರಲ್ಲಿ ಈ ಸೀಮೆಯನ್ನು ಗಟ್ಟಿಯಾಗಿ ಹಿಡಿದವರು ಉಮ್ಮತ್ತೂರಿನವರು. ಉಮ್ಮತ್ತೂರು ಈಗ ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. 15ನೇ ಶತಮಾನದ ಕೊನೆಗೆ ಆ ಮನೆತನ ಕಾವೇರಿಯ ಎರಡೂ ದಡಕ್ಕೆ ಹರಡಿ, ಶಿವನಸಮುದ್ರದ ದ್ವೀಪದಲ್ಲಿ ಕೋಟೆ ಕಟ್ಟಿಕೊಂಡಿತು. ‘ಪೆನುಗೊಂಡ ಚಕ್ರೇಶ್ವರ’ ಎಂಬ ಬಿರುದನ್ನೂ ಹಾಕಿಕೊಂಡಿತು. ಪೆನುಗೊಂಡೆ ವಿಜಯನಗರದ ಗಂಡುಮೆಟ್ಟು. ಅದರ ಚಕ್ರೇಶ್ವರ ನಾನು ಎಂದರೆ ನಿಮ್ಮ ಸಿಂಹಾಸನ ನನಗೆ ಬೇಕು ಎಂದಂತೆ.

ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಮರುವರ್ಷವೇ ಉಮ್ಮತ್ತೂರಿನ ಗಂಗರಾಜನ ಮೇಲೆ ಬಂದ. ಒರಿಸ್ಸಾದ ಗಜಪತಿಯಂಥ ದೊಡ್ಡ ಶತ್ರುಗಳು ಇದ್ದಾಗಲೂ ಮೊದಲು ಇಲ್ಲಿಗೆ ಬಂದ ಎನ್ನುವುದರಲ್ಲೇ ಶಿವನಸಮುದ್ರದ ತೂಕ ತಿಳಿಯುತ್ತದೆ. ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ನಡೆಯಿತು. ದ್ವೀಪಕ್ಕೆ ಕೋಟೆಯ ಗೋಡೆಗಿಂತ ಹೊಳೆಯೇ ಕಾವಲು. ಮೇಲ್ಗಡೆ ಸೆಳವು, ಕೆಳಗಡೆ ಸುಮಾರು ಮುನ್ನೂರು ಅಡಿ ಧುಮುಕುವ ನೀರು. ದಾಟಬಹುದಾದ ಜಾಗ ಬೆರಳೆಣಿಕೆಯಷ್ಟು, ಅಲ್ಲೆಲ್ಲ ಪಹರೆ. 1512ರ ಹೊತ್ತಿಗೆ ಕೋಟೆ ಬಿತ್ತು. ತಪ್ಪಿಸಿಕೊಳ್ಳಲು ಹೋದ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ರಾಯ ಈ ಸೀಮೆಯನ್ನು ಬೇರೆ ಬೇರೆ ಕೈಗಳಿಗೆ ಹಂಚಿದ. ಮಂತ್ರಿ ಸಾಳುವ ತಿಮ್ಮನ ತಮ್ಮ ಗೋವಿಂದರಾಜ ತೆರಕಣಾಂಬಿಯಿಂದ ಆಳಿದ. ಶ್ರೀರಂಗಪಟ್ಟಣ ವಿಜಯನಗರದ ಪ್ರತಿನಿಧಿಯ ಠಾಣ್ಯವಾಗಿ ಬೆಳೆಯಿತು.

ಇದು ಚರಿತ್ರೆಕಾರರ ಮಾತು. ಹೊಳೆದಂಡೆಯ ಜನ ಗಂಗರಾಜನ ಸಾವನ್ನು ಬೇರೆ ರೀತಿ ಹೇಳಿಕೊಂಡರು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಆ ಕಥೆ ದಾಖಲಾಗಿದೆ. ಅದರ ಪ್ರಕಾರ ಶಿವನಸಮುದ್ರ ಆಳಿದವರು ಮೂರು ತಲೆಮಾರು: ಗಂಗರಾಜ, ನಂದಿರಾಜ, ಮತ್ತೆ ಗಂಗರಾಜ. ನಡುವಿನವನು ಯಾವುದೋ ಒಂದು ಆಚಾರದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಹೆಂಡತಿಯ ಸಮೇತ ಕುದುರೆಯೇರಿ ಗಗನಚುಕ್ಕಿಗೆ ಹಾರಿದ.

ಇಮ್ಮಡಿ ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ಯಾಗಾಲದ ಹತ್ತಿರದ ಕಿಲಿಮಲೆಯ ರಾಜನಿಗೆ, ಇನ್ನೊಬ್ಬಳನ್ನು ಮದ್ದೂರಿನ ಪೂರ್ವಕ್ಕಿರುವ ನಗರಕೆರೆಯ ರಾಜನಿಗೆ ಕೊಟ್ಟಿತ್ತು. ತವರಿನ ವೈಭವ ಕಂಡು ಬೆಳೆದ ಮಕ್ಕಳಿಗೆ ಗಂಡನ ಮನೆ ಕಿರಿದಾಗಿ ಕಂಡಿತು. ನಮ್ಮಪ್ಪನ ಮನೆಯಲ್ಲಿ ಹೀಗಿತ್ತು, ಹಾಗಿತ್ತು ಎಂದು ದಿನಬೆಳಗಾದರೆ ಚುಚ್ಚಿದರು. ಇಬ್ಬರು ಅಳಿಯಂದಿರೂ ಕೂಡಿ ಮಾವನ ಸೊಕ್ಕು ಮುರಿದರೆ ಹೆಂಡಿರ ಸೊಕ್ಕು ಇಳಿಯುತ್ತದೆ ಎಂದು ಶಿವನಸಮುದ್ರಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ದಡದಲ್ಲೇ ಕೂತರೂ ದ್ವೀಪದ ಮೇಲೆ ಕಾಲಿಡಲಾಗಲಿಲ್ಲ.

ಕೊನೆಗೆ ದಳವಾಯಿಯನ್ನು ಒಳಗೆ ಹಾಕಿಕೊಂಡರು. ಅವನು ದಾಟುವ ಜಾಗದ ಕಾವಲನ್ನು ತೆಗೆಸಿ, ತಾನು ಅರಸನ ಎದುರು ಚದುರಂಗದ ಹಾಸು ಬಿಡಿಸಿ ಕೂತ. ಹೊರಗೆ ಗದ್ದಲ ಕೇಳಿಸಿತು. ರಾಜ ತಲೆಯೆತ್ತಿದ. ಮಕ್ಕಳು ಆಡುತ್ತಿದ್ದಾರೆ ಬುದ್ಧೀ, ನಡೆಸಿ ಎಂದ ದಳವಾಯಿ. ಗದ್ದಲ ಹತ್ತಿರವಾಯಿತು. ಆಗ ಗಂಗರಾಜನಿಗೆ ಅರ್ಥವಾಯಿತು. ಎದ್ದು ಕತ್ತಿ ಹಿರಿದು, ಶತ್ರುವಿನ ಕೈಗೆ ಸಿಗಬಾರದೆಂದು ಅಂತಃಪುರದ ಹೆಂಗಸರು ಮಕ್ಕಳನ್ನು ತಾನೇ ಕೊಂದು, ಶತ್ರುಗಳ ನಡುವೆ ನುಗ್ಗಿ ಸತ್ತ. ಅದನ್ನು ಕಂಡ ಅಳಿಯಂದಿರು ಹೆದರಿ ನಡುಗಿ ಗಗನಚುಕ್ಕಿಗೆ ಹಾರಿಕೊಂಡರು. ಅವರ ಹಿಂದೆ ಅವರ ಹೆಂಡಿರೂ. ಚನ್ನಪಟ್ಟಣದ ಜಗದೇವರಾಯ ಮತ್ತು ತಲಕಾಡಿನ ಶ್ರೀರಂಗರಾಜ ಬಂದು ದ್ವೀಪದಲ್ಲಿ ಉಳಿದ ಜನವನ್ನೂ ಐಶ್ವರ್ಯವನ್ನೂ ಸಾಗಿಸಿಕೊಂಡು ಹೋದರು. ಶಿವನಸಮುದ್ರ ಬರಿದಾಯಿತು.

ಕಾಲದ ಲೆಕ್ಕ ಹಾಕಿದರೆ ಕಥೆ ನಿಲ್ಲುವುದಿಲ್ಲ. ಜಗದೇವರಾಯನ ಮನೆತನ ಚನ್ನಪಟ್ಟಣಕ್ಕೆ ಬಂದದ್ದು 16ನೇ ಶತಮಾನದ ಉತ್ತರಾರ್ಧದಲ್ಲಿ. ಕೃಷ್ಣದೇವರಾಯನ ಮುತ್ತಿಗೆಯ ನೆನಪಿಗೆ ಆಮೇಲಿನ ಪಾಳೆಗಾರರ ಜಗಳಗಳು ಬೆಸೆದುಕೊಂಡು ಈ ಕಥೆ ಆಗಿದೆ. ಕಥೆಯಲ್ಲಿ ಎಲ್ಲ ತಪ್ಪನ್ನೂ ಇಬ್ಬರು ಹೆಣ್ಣುಮಕ್ಕಳ ತಲೆಗೆ ಕಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ಕಿಲಿಮಲೆ ಹೊಳೆಯ ಆ ದಡ, ನಗರಕೆರೆ ಈ ದಡ. ನಡುವಿನ ದ್ವೀಪ ಯಾರಿಗೆ ಸಿಕ್ಕರೂ ಎರಡೂ ಕಡೆಯ ಸುಂಕ, ಎರಡೂ ಕಡೆಯ ಹಾದಿ ಅವರದು. ಅಷ್ಟು ದೊಡ್ಡ ಆಸೆ ಎದುರಿಗಿದ್ದಾಗ ಹನ್ನೆರಡು ವರ್ಷ ದಂಡು ಕಟ್ಟಿ ಕೂರಲು ಹೆಂಡತಿಯ ಚುಚ್ಚುಮಾತೇ ಬೇಕಿರಲಿಲ್ಲ. ಆದರೆ ಕಥೆ ಒಂದು ವಿಷಯವನ್ನು ಬಹಳ ಸರಿಯಾಗಿ ನೆನಪಿಟ್ಟಿದೆ. ಕೋಟೆ ಬಿದ್ದದ್ದು ದಾಟುವ ಜಾಗದ ಕಾವಲು ತೆಗೆದಾಗ.

ಇದೇ ನೆಲದಲ್ಲಿ ಒಡೆಯ ಎಂಬ ಮಾತಿಗೆ ಇನ್ನೊಂದು ಅರ್ಥವೂ ಬೆಳೆಯಿತು. ಮಳವಳ್ಳಿ ತಾಲ್ಲೂಕಿನದೇ ಊರು ಬೊಪ್ಪೇಗೌಡನಪುರ. ಅಲ್ಲಿ ಮಂಟೇಸ್ವಾಮಿಯ ಮಠ. ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಆತ ಧರೆಗೆ ದೊಡ್ಡವರು. ಆತನ ಶಿಶುಮಗ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷಕ್ಕೆಂದು ಹಲಗೂರಿನ ಪಾಂಚಾಳರ ಮನೆಗೆ ಹೋಗುತ್ತಾನೆ. ಅವರು ಇಲ್ಲ ಎನ್ನುತ್ತಾರೆ, ಪಡಬಾರದ ಪಾಡು ಪಡಿಸುತ್ತಾರೆ, ಕೊನೆಗೆ ಸೋಲುತ್ತಾರೆ. ಕತ್ತಿಯಾಗಲಿ ನೇಗಿಲ ಗುಳವಾಗಲಿ ಆಗುವುದು ಕಬ್ಬಿಣದಿಂದ. ಅದನ್ನು ಹಿಡಿದಿಟ್ಟುಕೊಂಡವನ ಬಾಗಿಲಲ್ಲಿ ಜೋಳಿಗೆಯವನು ಹೋಗಿ ನಿಲ್ಲುವುದು ಸಣ್ಣ ಮಾತಲ್ಲ. ನೆಲವೇ ಇಲ್ಲದ ಜನ ರಾತ್ರಿಯಿಡೀ ಕೂತು ಕೇಳಿದ ಕಥೆ ಅದು. ಗಂಗರಾಜನ ಹೆಸರು ಗೊತ್ತಿಲ್ಲದ ಮನೆಗಳಲ್ಲಿ ಸಿದ್ದಪ್ಪಾಜಿಯ ಹೆಸರು ಮಕ್ಕಳಿಗೆ ಇಡುತ್ತಾರೆ.

ಮುಂದೆ ಮೈಸೂರು ಒಡೆಯರು ಬೆಳೆದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರು, 1630ರಲ್ಲಿ ಚನ್ನಪಟ್ಟಣವೂ ಮೈಸೂರಿಗೆ ಸೇರಿತು. ನಡುವಿದ್ದ ಈ ಬಯಲು ತಾನಾಗಿಯೇ ಮೈಸೂರಿನದಾಯಿತು. ಹೈದರಾಲಿ ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಿಯಾಗಿ ಕೊಟ್ಟ. ಕೆರೆಯ ಬಳಿ ದೊಡ್ಡ ಹಣ್ಣಿನ ತೋಟ ಎದ್ದಿತು. ನೂರು ವರ್ಷದೊಳಗೆ ಆ ಜಾಗ ಬತ್ತದ ಗದ್ದೆಯಾಯಿತು. ಜಹಗೀರಿ ಪಡೆದ ಊರಿನಲ್ಲೇ ಟಿಪ್ಪು ಸೋಲನ್ನೂ ಕಂಡದ್ದು: 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಹ್ಯಾರಿಸ್‌ನ ದಂಡಿಗೆ ಎದುರಾಗಿ ಕಾದಿ ಹಿಂದೆ ಸರಿದ. ಹಗೆಗೆ ಸಿಗಬಾರದೆಂದು ಊರನ್ನು ಸುಡಿಸಿದ. ಕಂಪನಿಯವರು ನೆಟ್ಟಗೆ ಶ್ರೀರಂಗಪಟ್ಟಣದ ದಾರಿ ಹಿಡಿಯುತ್ತಾರೆಂದು ಎಣಿಸಿ ಆ ದಾರಿಯ ಮೇವು ಮುಸುರೆಯನ್ನೆಲ್ಲ ನಾಶಮಾಡಿಸಿದ್ದ. ಅವರು ತಿರುಗಿ ಸೋಸಲೆಯ ಹತ್ತಿರ ಕಾವೇರಿ ದಾಟಿಬಿಟ್ಟರು. ಮೇ 4ಕ್ಕೆ ಶ್ರೀರಂಗಪಟ್ಟಣ ಹೋಯಿತು. ಇಲ್ಲಿಯೂ ಹೊಳೆ ದಾಟುವ ಜಾಗವೇ.

ಟಿಪ್ಪುವಿನ ಬಳಿಕ ಕಾವೇರಿ ಇಲ್ಲಿ ಗಡಿಯಾಯಿತು. ಈ ದಡದ ಬೆಳಕವಾಡಿ, ಮಳವಳ್ಳಿ ಮೈಸೂರು ಸಂಸ್ಥಾನಕ್ಕೆ. ಆ ದಡದ ಸತ್ಯಾಗಾಲ, ಕೊಳ್ಳೇಗಾಲ ಮದರಾಸಿನ ಕಂಪನಿ ಸರ್ಕಾರಕ್ಕೆ, ಕೊಯಮತ್ತೂರು ಜಿಲ್ಲೆಯೊಳಗೆ. ಶಿವನಸಮುದ್ರದ ದ್ವೀಪವೂ ಮದರಾಸಿನದೇ. ಎರಡೂ ದಡದಲ್ಲಿ ಒಂದೇ ಕನ್ನಡ, ಒಂದೇ ದೇವರ ಒಕ್ಕಲು, ಕೊಟ್ಟು ತಂದ ಹೆಣ್ಣುಗಳು. ನಡುವೆ ಎರಡು ಸರ್ಕಾರ. ಹಳೆಯ ಸೇತುವೆ ಮುರಿದು ದ್ವೀಪ ಕಾಡಾಗಿತ್ತು. ಮಧ್ಯರಂಗನೆಂದು ಹೆಸರಾದ ಜಗನ್ಮೋಹನ ರಂಗನಾಥನ ಗುಡಿ, ಸೋಮೇಶ್ವರನ ಗುಡಿ ಪಾಳು ಬಿದ್ದಿದ್ದವು.

ಆಗ ಬಂದವರು ರಾಮಸ್ವಾಮಿ ಮುದಲಿಯಾರ್. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ನೆಚ್ಚಿನ ನೌಕರರಾಗಿದ್ದವರು. 1818ರ ಆಸುಪಾಸಿನಿಂದ ದ್ವೀಪದ ಕೆಲಸಕ್ಕೆ ಕೈ ಹಚ್ಚಿ, ಕಾಡು ಕಡಿಸಿ, ಗುಡಿಗಳನ್ನು ಎತ್ತಿ ನಿಲ್ಲಿಸಿ, ಹೊಳೆಯ ಎರಡೂ ಕವಲಿಗೆ ಈ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿದರು. ಒಂದಕ್ಕೆ ವೆಲ್ಲೆಸ್ಲಿಯ ಹೆಸರು. ಇನ್ನೊಂದಕ್ಕೆ 1827ರಿಂದ 1832ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಷಿಂಗ್‌ಟನ್‌ರ ಹೆಸರು. ಕಟ್ಟಿದ್ದು ನಮ್ಮ ಕಲ್ಲುಕುಟಿಗರ ಹಳೆಯ ರೀತಿಯಲ್ಲಿ, ಹೆಸರು ಮಾತ್ರ ದೊರೆಗಳದು. ಮುದಲಿಯಾರರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಬಂತು. ಮದರಾಸು ಸರ್ಕಾರವೂ ಮೈಸೂರು ಸರ್ಕಾರವೂ ಹಳ್ಳಿಗಳನ್ನು ಜಹಗೀರಿಯಾಗಿ ಬರೆದುಕೊಟ್ಟವು. ಗಂಗರಾಜನ ಹಾಗೆ ಇವರೂ ಹೊಳೆಯ ಎರಡೂ ದಡದಲ್ಲಿ ನೆಲ ಪಡೆದ ಒಡೆಯರು. ಗಂಗರಾಜನಿಗೆ ಅದು ದಕ್ಕಿದ್ದು ದಾರಿ ಕಟ್ಟಿದ್ದರಿಂದ, ಮುದಲಿಯಾರರಿಗೆ ದಾರಿ ತೆರೆದದ್ದರಿಂದ.

ಈ ಸೀಮೆಯ ಒಡೆಯರನ್ನು ಸಾಲಾಗಿ ನಿಲ್ಲಿಸಿ ಯಾರು ಕೊಟ್ಟದ್ದು ಜನಕ್ಕೆ ದಕ್ಕಿತು ಎಂದು ನನ್ನನ್ನು ಕೇಳಿದರೆ, ಮುದಲಿಯಾರರ ಸೇತುವೆಗೆ ನಾನು ಮೊದಲು ಕೈ ಮುಗಿಯುತ್ತೇನೆ. ಅದರ ಮೇಲೆ ಬತ್ತದ ಗಾಡಿ ಹೋಯಿತು, ಚಿಕ್ಕಲ್ಲೂರು ಜಾತ್ರೆಗೆ ಪರಸೆ ಹೋಯಿತು, ಬಾಣಂತಿಯರು ತವರಿಗೆ ಹೋದರು. ಹಾಗೆಂದು ಜಹಗೀರಿ ಊರಿನ ರೈತನ ಪಾಡು ಹಗುರವಾಗಿತ್ತು ಎನ್ನಲಾರೆ. ಸರ್ಕಾರಕ್ಕೆ ಕಟ್ಟುವ ಕಂದಾಯವನ್ನು ಜಹಗೀರ್‌ದಾರನ ಕಚೇರಿಗೆ ಕಟ್ಟುತ್ತಿದ್ದ, ಅಷ್ಟೇ ವ್ಯತ್ಯಾಸ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಹೋದಾಗ ಅಲ್ಲಿನ ರೈತನಿಗೂ ಆದದ್ದು ಅಷ್ಟೇ. 2018ರ ಮಹಾಪ್ರವಾಹದಲ್ಲಿ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ, ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಓಡಾಟ ನಿಲ್ಲಲಿಲ್ಲ. ಆದರೂ ದಡದಲ್ಲಿ ನಿಂತು ಆ ಬಾಯಿಬಿಟ್ಟ ಜಾಗವನ್ನು ನೋಡಿದ ಹಿರಿಯರ ಮುಖದಲ್ಲಿ ಮನೆಯವರು ಯಾರೋ ಹೋದಂಥ ಕಳೆ ಇತ್ತು.

1902ರಲ್ಲಿ ಹೊಳೆಗೆ ಇನ್ನೊಬ್ಬ ಒಡೆಯ ಬಂದ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಮೊದಲಾದ ಕೆಲಸ ಮುಗಿದು, ಆ ವರ್ಷ ಶಿವನಸಮುದ್ರದ ನೀರು ಸಂಸ್ಥಾನದ ದಡದ ಕೊಳವೆಗಳಲ್ಲಿ ಇಳಿದು ವಿದ್ಯುತ್ತಾಯಿತು. ತಂತಿ 92 ಮೈಲಿ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಜನರ ಬಾಯಲ್ಲಿ ಆ ಜಾಗ ಬ್ಲಫ್ ಆಯಿತು. ಈ ಸೀಮೆಯ ಹೊಲಗಳ ಮೇಲೆ ಹಾದುಹೋದ ತಂತಿ ಇಲ್ಲಿನ ಮನೆಗಳೊಳಗೆ ಇಳಿಯಲು ಇನ್ನೂ ಎಷ್ಟೋ ವರ್ಷ ಬೇಕಾದವು.

1954ರ ಮೈಸೂರು ಇನಾಂ ರದ್ದತಿ ಕಾಯ್ದೆ ಜಹಗೀರಿ, ಇನಾಂ ಊರುಗಳ ಒಡೆತನವನ್ನು ಮುಗಿಸಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಹೊಳೆಯ ಮೇಲಿನ ಗಡಿ ಅಳಿಯಿತು. 1960ರ ದಶಕದಲ್ಲಿ ಪಟೇಲಿಕೆ, ಶಾನುಭೋಗಿಕೆ ಹೋದವು. ಗಾವುಂಡ, ಸೇನಬೋವರ ಸಾವಿರ ವರ್ಷದ ಸಾಲು ಅಲ್ಲಿಗೆ ಮುಗಿಯಿತು. ಆಮೇಲೆ 1974ರ ಮಾರ್ಚ್ 1. ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂದ ದಿನ. ಗೇಣಿ ಮಾಡುತ್ತಿದ್ದವನು ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು, ಈ ನೆಲ ಉಳುತ್ತಿರುವುದು ನಾನು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಗೇಣಿ ಪಡೆಯುತ್ತಿದ್ದ ಧಣಿಯ ಎದುರಿನಲ್ಲೇ. ಎಷ್ಟೋ ಜನ ಹೆದರಿ ಅರ್ಜಿಯನ್ನೇ ಹಾಕಲಿಲ್ಲ. ಹಾಕಿದವರಲ್ಲಿ ಅನೇಕರಿಗೆ ನೆಲ ಬಂತು.

ಈ ಕಡೆಯ ಯಾವ ಹಳ್ಳಿಯಲ್ಲಾದರೂ ಬೆಳಿಗ್ಗೆ ಕೆರೆ ಏರಿಯ ಮೇಲೆ ಸಿಕ್ಕ ಹಿರಿಯರೊಬ್ಬರನ್ನು, ಅಜ್ಜಾ, ನಿಮ್ಮ ಹೊಲ ಯಾವುದು ಎಂದು ಕೇಳಿ ನೋಡಿ. ಸರ್ವೆ ನಂಬರ್ ಹೇಳುವುದಿಲ್ಲ. ‘ಅದೇ ಕನಪ್ಪಾ, ಇನಾಂ ಹೊಲ’ ಎನ್ನುತ್ತಾರೆ, ‘ದೇವ್ರ ಮಾನ್ಯ’ ಎನ್ನುತ್ತಾರೆ, ‘ಜೋಡಿ ಗದ್ದೆ’ ಎನ್ನುತ್ತಾರೆ. ಒಡೆಯ ಹೋಗಿ ಎಪ್ಪತ್ತು ವರ್ಷವಾದರೂ ಹೊಲದ ಹೆಸರಿನಲ್ಲಿ ಇದ್ದಾನೆ. ಎಷ್ಟು ನೆಲ ಎಂದರೆ ಎಕರೆ ಗುಂಟೆ ಆಮೇಲೆ. ಮೊದಲು ಬರುವುದು ಕೊಳಗದ ಲೆಕ್ಕ. ಇಪ್ಪತ್ತು ಕೊಳಗಕ್ಕೆ ಒಂದು ಕಂಡುಗ, ಅಷ್ಟು ಬೀಜ ಬಿತ್ತುವ ನೆಲ. ಮಣಲೆರ ತನ್ನ ನಾಯಿಗೆ ಬಿಟ್ಟದ್ದೂ ಇದೇ ಅಳತೆಯಲ್ಲಿ.

ಪರಿಚಯ ಸ್ವಲ್ಪ ಬೆಳೆದರೆ ಮನೆಗೆ ಕರೆದು, ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದವನ್ನು ಹೊರಗೆ ತೆಗೆಯುತ್ತಾರೆ. ನ್ಯಾಯಮಂಡಳಿಯ ಆದೇಶ. ಟೈಪಿನ ಅಕ್ಷರ ಮಸುಕಾಗಿ, ಮಡಿಕೆಯ ಗೆರೆಯಲ್ಲಿ ಹರಿದು, ಹಿಂದಿನಿಂದ ಪಟ್ಟಿ ಅಂಟಿಸಿಕೊಂಡಿರುತ್ತದೆ. ಮೂಲೆಯಲ್ಲಿ ನೇರಳೆ ಬಣ್ಣದ ಗುಂಡು ಮೊಹರು. ಜೊತೆಯಲ್ಲಿ ನಾಡಕಚೇರಿಯಿಂದ ತಂದ ಇತ್ತೀಚಿನ ಪಹಣಿ. ಅದರ ಒಂಬತ್ತನೇ ಕಾಲಮ್ಮಿನಲ್ಲಿ ಒಡೆಯನ ಹೆಸರು, ಹನ್ನೆರಡನೇ ಕಾಲಮ್ಮಿನಲ್ಲಿ ಉಳುವವನ ಹೆಸರು. ಓದಲು ಬಾರದ ಅಜ್ಜ ಮೊಮ್ಮಗಳ ಕೈಗೆ ಕಾಗದ ಕೊಟ್ಟು ಎರಡೂ ಕಾಲಮ್ಮನ್ನು ಜೋರಾಗಿ ಓದಿಸುತ್ತಾರೆ. ಎರಡು ಕಡೆಯೂ ಒಂದೇ ಹೆಸರು.